ಗೆದ್ದವರ ಮಾತು, ಉತ್ತವರ ಮಾತು

ಕನ್ನಡವನ್ನು ಶುದ್ಧಿ ಮಾಡಬೇಕೆಂಬ ಉತ್ಸಾಹ ನಮ್ಮಲ್ಲಿ ಆಗಾಗ ಬರುವ ಒಂದು ಜ್ವರ. ಈಗ ಅದು ಮತ್ತೆ ಏರಿದಂತೆ ಕಾಣುತ್ತದೆ. ನಮ್ಮ ಮಾತಿನಲ್ಲಿ ಸೇರಿಕೊಂಡಿರುವ ಪಾರಸಿ ಅರಬ್ಬಿ ಪದಗಳೆಲ್ಲ ದಾಸ್ಯದ ಗುರುತುಗಳಂತೆ. ಸುಲ್ತಾನರೂ ನಿಜಾಮರೂ ಹೋದಮೇಲೆ ಅವರ ಪದಗಳನ್ನು ಸಾಕಿಕೊಂಡಿರುವುದು ನಾಚಿಕೆಗೇಡಂತೆ. ಆದುದರಿಂದ 'ಅರ್ಜಿ' ಹೋಗಲಿ, 'ವಕೀಲ' ಹೋಗಲಿ, 'ರೈತ'ನೂ ಹೋಗಲಿ ಎಂಬುದು ಒಂದು ಪಕ್ಷ. ಇದಕ್ಕೆ ಎದುರಾಗಿ ಇನ್ನೊಂದು ಪಕ್ಷವುಂಟು. ಗೆದ್ದವರು ಬಾರದೆ ಇದ್ದಿದ್ದರೆ ನಮಗೆ ಕಚೇರಿ ಎಲ್ಲಿತ್ತು, ಕಾನೂನು ಎಲ್ಲಿತ್ತು, ಅಚ್ಚುಕಟ್ಟಾದ ಲೆಕ್ಕಪತ್ರ ಎಲ್ಲಿತ್ತು ಎಂದು ಕೇಳುವವರು ಇವರು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ನಡುವೆ ಹುಟ್ಟಿ ಬೆಳೆದು, ಆ ಸೀಮೆಯ ಮಕ್ಕಳಿಗೇ ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುತ್ತಿರುವ ನನಗೆ ಈ ಎರಡು ಪಕ್ಷಗಳೂ ಒಪ್ಪಿಗೆಯಿಲ್ಲ. ಇಬ್ಬರೂ ನೋಡುತ್ತಿರುವುದು ಪದ ಎಲ್ಲಿಂದ ಬಂತೆಂಬುದನ್ನು. ನೋಡಬೇಕಾದುದು ಆ ಪದ ಈಗ ಯಾರ ಕೈಯಲ್ಲಿದೆ ಎಂಬುದನ್ನು.

ಗೆದ್ದವರ ಭಾಷೆ ಸೋತವರ ನಾಡಿನಲ್ಲಿ ಏನು ಮಾಡುತ್ತದೆ ಎಂಬುದಕ್ಕೆ ಇಂಗ್ಲೆಂಡಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ೧೦೬೬ರಲ್ಲಿ ನಾರ್ಮಂಡಿಯ ವಿಲಿಯಂ ಹೇಸ್ಟಿಂಗ್ಸಿನ ಕಾಳಗದಲ್ಲಿ ಗೆದ್ದು ಆ ದೇಶದ ದೊರೆಯಾದನು. ಇಪ್ಪತ್ತು ವರ್ಷಗಳ ತರುವಾಯ, ೧೦೮೬ರಲ್ಲಿ, ನೆಲವನ್ನೆಲ್ಲ ಲೆಕ್ಕ ಮಾಡಿಸಿದನು. 'ಡೂಮ್ಸ್‌ಡೇ' ಎಂದು ಜನ ಹೆಸರಿಟ್ಟ ಆ ಕಡತದಲ್ಲಿ ನೇಗಿಲುಗಳ ಲೆಕ್ಕವಿದೆ, ಗಿರಣಿಗಳ ಲೆಕ್ಕವಿದೆ, ಒಕ್ಕಲುಗಳ ಲೆಕ್ಕವಿದೆ. ಕಡತದ ಭಾಷೆ ಲ್ಯಾಟಿನ್, ಆಸ್ಥಾನದ ಭಾಷೆ ಫ್ರೆಂಚ್. ನೇಗಿಲು ಹಿಡಿದವನ ಭಾಷೆಗೆ ಎರಡು ಕಡೆಯೂ ಜಾಗವಿರಲಿಲ್ಲ. ಈ ಕಥೆಯ ಸಾರವನ್ನು ಇಂಗ್ಲಿಷು ಇಂದಿಗೂ ತನ್ನ ಅಡಿಗೆಮನೆಯಲ್ಲಿ ಇಟ್ಟುಕೊಂಡಿದೆ. ಹುಲ್ಲುಗಾವಲಿನಲ್ಲಿ ಮೇಯುವಾಗ ಅದು 'ಆಕ್ಸ್', ದೊರೆಯ ತಟ್ಟೆಗೆ ಬಂದಾಗ 'ಬೀಫ್'. ಕಾಯುವವನಿಗೆ 'ಶೀಪ್', ತಿನ್ನುವವನಿಗೆ 'ಮಟನ್'. ಸ್ಕಾಟನ 'ಐವನ್‌ಹೋ' ಕಾದಂಬರಿಯನ್ನು ಓದಿದವರಿಗೆ ಈ ಚಮತ್ಕಾರ ಹೊಸದಲ್ಲ.

ನಮ್ಮಲ್ಲಿಯೂ ಇದೇ ನಡೆದಿದೆ ಎಂಬುದನ್ನು ಮಾತ್ರ ನಾವು ಗಮನಿಸಿಲ್ಲ. ನಮ್ಮ ಒಕ್ಕಲಿಗನು ಬೆಳಿಗ್ಗೆ ಎದ್ದು ಹೋಗುವುದು 'ಹೊಲ'ಕ್ಕೆ. ಅದು ಎರೆಯಾಗಿರಬಹುದು, ಮಸಾರಿಯಾಗಿರಬಹುದು. ಅಲ್ಲಿ ಅವನು ನೊಗ ಹೂಡುತ್ತಾನೆ, ಕುಂಟೆ ಹೊಡೆಯುತ್ತಾನೆ, ಕೂರಿಗೆಯಿಂದ ಬಿತ್ತುತ್ತಾನೆ, ಕಳೆ ತೆಗೆಯುತ್ತಾನೆ, ಕೊಯ್ಯುತ್ತಾನೆ, ಕಣ ಮಾಡುತ್ತಾನೆ. ಇಷ್ಟರಲ್ಲಿ ಒಂದಾದರೂ ಪಾರಸಿಯ ಪದ ಬಂದಿತೇ? ಇಲ್ಲ. ಅದೇ ಹೊಲ ಕಚೇರಿಯ ಮೆಟ್ಟಿಲು ಹತ್ತಿದ ಕೂಡಲೆ 'ಜಮೀನು' ಆಗುತ್ತದೆ. ಮಳೆಯನ್ನು ನಂಬಿದ ಹೊಲ 'ಖುಷ್ಕಿ', ನೀರುಣ್ಣುವ ಗದ್ದೆ 'ತರಿ', ತೋಟ 'ಬಾಗಾಯತು'. ಬೆಳೆದವನು ಕೊಡಬೇಕಾದುದು 'ಕಿಸ್ತು', ಕೊಡಲಾರದೆ ಹೋದುದು 'ಬಾಕಿ', ಎಳೆದುಕೊಂಡು ಹೋಗುವುದು 'ವಸೂಲಿ', ಉಳಿದುದೂ ಹೋದರೆ 'ಜಪ್ತಿ'. ಇನ್ನೂ ಮೇಲಿನ ಕೋರ್ಟಿಗೆ ಹೋದರೆ ಅದೇ ಹೊಲ 'ಪ್ರಾಪರ್ಟಿ'. ದುಡಿಯುವಾಗ ಕನ್ನಡ, ಕೊಡುವಾಗ ಪಾರಸಿ, ಕಳೆದುಕೊಳ್ಳುವಾಗ ಇಂಗ್ಲಿಷು! ಈ ಸೀಮೆಯ ಸಾಮಾನ್ಯನ ಏಳುನೂರು ವರ್ಷಗಳ ಚರಿತ್ರೆ ಈ ಮೂರು ಪದಗಳಲ್ಲಿ ಇದೆ.

ಇದು ಎಂತಹ ಸೀಮೆ ಎಂಬುದನ್ನು ದೂರದ ವಾಚಕರಿಗೆ ಒಂದು ಮಾತಿನಲ್ಲಿ ಹೇಳಬೇಕು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಣ ಎಡೆದೊರೆ ನಾಡು, ಚರಿತ್ರಕಾರರು ರಾಯಚೂರು ದೋಆಬ್ ಎನ್ನುವುದು ಇದನ್ನೇ. 'ದೋಆಬ್' ಎಂದರೆ ಎರಡು ನೀರು, ಅದೂ ಪಾರಸಿಯೇ. ೧೩೩೬ರಲ್ಲಿ ವಿಜಯನಗರವೂ ೧೩೪೭ರಲ್ಲಿ ಗುಲಬರ್ಗೆಯ ಬಹಮನಿ ರಾಜ್ಯವೂ ಹುಟ್ಟಿದಂದಿನಿಂದ ಇದು ಇಬ್ಬರು ಜಟ್ಟಿಗಳ ನಡುವಣ ಅಖಾಡ. ಮುದಗಲ್ಲಿನ ಕೋಟೆಯೂ ರಾಯಚೂರಿನ ಕೋಟೆಯೂ ಎಷ್ಟು ಸಲ ಕೈ ಬದಲಾಯಿಸಿದುವೋ! ೧೫೨೦ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್‌ಶಾಹನಿಂದ ರಾಯಚೂರನ್ನು ಗೆದ್ದುಕೊಂಡನು. ೧೫೬೫ರ ತಾಳಿಕೋಟೆಯ ಯುದ್ಧದ ಅನಂತರ ಅದು ಬಿಜಾಪುರದ್ದಾಯಿತು. ೧೬೮೬ರಲ್ಲಿ ಬಿಜಾಪುರವೇ ಔರಂಗಜೇಬನಿಗೆ ಬಿತ್ತು. ಮುಂದೆ ನಿಜಾಮರು ಬಂದರು. ೧೮೫೩ರಿಂದ ೧೮೬೦ರ ವರೆಗೆ ಇಂಗ್ಲಿಷರೇ ಆಳಿ ಮತ್ತೆ ನಿಜಾಮರಿಗೆ ಒಪ್ಪಿಸಿದರು. ಲಿಂಗಸುಗೂರು ಸೈನ್ಯದ ಛಾವಣಿಯಾಯಿತು, ಜಿಲ್ಲೆಯಾಯಿತು, ೧೯೦೫ರಲ್ಲಿ ಆ ಜಿಲ್ಲೆಯೂ ಹೋಯಿತು. ೧೯೪೮ರ ಸೆಪ್ಟೆಂಬರಿನಲ್ಲಿ ನಿಜಾಮಶಾಹಿ ಮುಗಿಯಿತು. ೧೯೫೬ರ ನವೆಂಬರ್ ೧ರಂದು ನಾವು ಕನ್ನಡ ನಾಡಿಗೆ ಸೇರಿದೆವು.

ಇಷ್ಟನ್ನು ಕೇಳಿದೊಡನೆ ಶುದ್ಧಿವಾದಿಗಳು, "ನೋಡಿದಿರಾ, ಎಲ್ಲ ಪರಧರ್ಮದವರ ದಾಳಿಯಿಂದ ಆದದ್ದು" ಎನ್ನಬಹುದು. ಅವರು ದಯವಿಟ್ಟು ಒಮ್ಮೆ ಮಸ್ಕಿಗೆ ಬರಬೇಕು. ಅಲ್ಲಿಯ ಗುಡ್ಡದ ಬಂಡೆಯ ಮೇಲೆ ೧೯೧೫ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಕಂಡ ಶಾಸನವಿದೆ. 'ದೇವಾನಾಂಪ್ರಿಯ'ನೆಂದರೆ ಅಶೋಕನೇ ಎಂದು ಜಗತ್ತಿಗೆ ತೋರಿಸಿಕೊಟ್ಟ ಕಲ್ಲು ಅದು. ಧರ್ಮದಲ್ಲಿ ತೊಡಗಿದರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಮೇಲಣ ಪದವಿಯನ್ನು ಪಡೆಯಬಲ್ಲರೆಂದು ಆ ಚಕ್ರವರ್ತಿ ಸಾರಿದ್ದಾನೆ. ಎಂತಹ ಮಾತು! ಆದರೆ ಅದನ್ನು ಕೊರೆದಿರುವುದು ಪ್ರಾಕೃತದಲ್ಲಿ. ಈ ನೆಲದ ಸಣ್ಣವರ ಆಡುಮಾತು ಅದಾಗಿರಲಾರದು. ಸಣ್ಣವರಿಗೂ ಸ್ವರ್ಗವುಂಟೆಂಬ ಸುದ್ದಿಯನ್ನು ಸಣ್ಣವರು ಇನ್ನೊಬ್ಬರಿಂದ ಓದಿಸಿ ಕೇಳಬೇಕಾಗಿತ್ತು. ಆಳುವವನು ತನ್ನ ಮಾತಿನಲ್ಲಿ ಬರೆಯುತ್ತಾನೆ, ಆಳಿಸಿಕೊಳ್ಳುವವನು ಓದಿಸಿಕೊಳ್ಳುತ್ತಾನೆ. ಈ ವ್ಯವಸ್ಥೆಗೆ ಜಾತಿಯಿಲ್ಲ, ಮತವಿಲ್ಲ.

ಈಗ ಪದಗಳ ಮಾತಿಗೆ ಬರೋಣ. 'ರೈತ' ಎಂಬುದನ್ನೇ ತೆಗೆದುಕೊಳ್ಳಿ. ಅರಬ್ಬಿಯ 'ರಯ್ಯತ್' ಎಂದರೆ ಮೊದಲಿಗೆ ಕಾಯಲ್ಪಡುವ ಮಂದೆ, ಆಮೇಲೆ ಆಳಲ್ಪಡುವ ಪ್ರಜೆ. ದೊರೆ ಕುರುಬ, ಪ್ರಜೆ ಕುರಿ ಎಂಬ ಭಾವನೆ ಅದರ ಹಿಂದಿದೆ. ಆ ಪದವನ್ನು ನಮ್ಮ ಜನ ಏನು ಮಾಡಿದರು? ಮಂದೆಯ ವಾಸನೆಯನ್ನೆಲ್ಲ ತೊಳೆದು, ನೆಲ ಉತ್ತು ಅನ್ನ ಕೊಡುವವನಿಗೆ ಗೌರವದ ಹೆಸರಾಗಿ ಇಟ್ಟರು. ಇಂದು ಕನ್ನಡದಲ್ಲಿ 'ರೈತ' ಎಂದರೆ ಮೀಸೆಯ ಮೇಲೆ ಕೈಯಾಡಿಸಬಹುದಾದ ಹೆಸರು. ಸಂಘ ಕಟ್ಟಬಹುದಾದ, ಸರಕಾರವನ್ನು ಎದುರು ಹಾಕಿಕೊಳ್ಳಬಹುದಾದ ಹೆಸರು. ಗೆದ್ದವನ ಪದವನ್ನು ಸೋತವನು ಗೆದ್ದುಕೊಂಡ ಬಗೆ ಇದು. ಇದನ್ನು ಕಿತ್ತುಹಾಕಿ 'ಕೃಷೀವಲ'ನನ್ನು ತಂದು ಕೂರಿಸುವವರು ಯಾರ ದಾಸ್ಯವನ್ನು ನೀಗುತ್ತಿದ್ದಾರೆ?

ಮುದಗಲ್ಲಿನ ಮೊಹರಮ್ಮನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದುಗಳೂ ಮುಸಲ್ಮಾನರೂ ಒಂದಾಗಿ ನೆರೆಯುವ ಹಬ್ಬ ಅದು. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಆ ದಿನಗಳಲ್ಲಿ ಹಾಡುವ ರಿವಾಯತ ಪದಗಳು ಅಪ್ಪಟ ಕನ್ನಡದವು. ಕಥೆ ಕರ್ಬಲದ್ದು, ಹೆಸರು ಅರಬ್ಬಿಯದು, ಅಳು ಕನ್ನಡದ್ದು. ಇತ್ತ ನಮ್ಮ ಹರಿದಾಸರಲ್ಲಿ ಪ್ರಾಣೇಶದಾಸರು 'ಕಸಬಾ ಲಿಂಗಸುಗೂರಿನ'ವರು. ಆ 'ಕಸಬಾ' ಅರಬ್ಬಿಯ ಪದವೆಂದು ಯಾವ ಭಕ್ತನೂ ಅವರ ಕೀರ್ತನೆಯನ್ನು ಬಿಟ್ಟದ್ದನ್ನು ನಾನು ಕಾಣೆ. ನಾವು ಬರೆಯುವ 'ಕಾಗದ'ವೇ ಪಾರಸಿಯದು. ಶುದ್ಧಿವಾದವನ್ನು ಬರೆಯುವುದು ಇನ್ನು ಯಾವುದರ ಮೇಲೆ? ಕಚೇರಿಯ ಪದಗಳಲ್ಲಿ ಹೊರಗಿನಿಂದ ಬಾರದ, ನಮ್ಮದೇ ಆದ ಒಂದು ಪದ ಬೇಕೆಂದರೆ 'ಲಂಚ'ವಿದೆ. ಹನ್ನೆರಡನೆಯ ಶತಮಾನದಲ್ಲಿಯೇ ವಚನಕಾರ್ತಿ ಸತ್ಯಕ್ಕ ಅದರ ಮಾತೆತ್ತಿದ್ದಾಳೆ. ಅದನ್ನು ಮಾತ್ರ ಸುಲ್ತಾನರ ಲೆಕ್ಕಕ್ಕೆ ಬರೆಯುವಂತಿಲ್ಲ.

ಶುದ್ಧಿಯ ಪ್ರಯೋಗ ನಮ್ಮಲ್ಲಿ ಹೊಸದೂ ಅಲ್ಲ. ಹದಿಮೂರನೆಯ ಶತಮಾನದಲ್ಲಿ ಆಂಡಯ್ಯನು ಸಂಸ್ಕೃತದ ತತ್ಸಮಗಳನ್ನು ಬಿಟ್ಟು 'ಕಬ್ಬಿಗರ ಕಾವ'ವನ್ನು ಬರೆದನು. ಅವನ ಸಾಹಸಕ್ಕೆ ನಾವು ತರಗತಿಯಲ್ಲಿ ತಲೆದೂಗುತ್ತೇವೆ. ಆದರೆ ಅವನ ಹಿಂದೆ ಯಾರೂ ಆ ದಾರಿಯಲ್ಲಿ ನಡೆಯಲಿಲ್ಲ, ಏಕೆಂದರೆ ಅದು ಪಂಡಿತನ ಪಂಥವೇ ಹೊರತು ಸಂತೆಯ ಮಾತಾಗಿರಲಿಲ್ಲ. ಇಂದಿನ ಶುದ್ಧಿವಾದಿಗಳಿಗೆ ಆಂಡಯ್ಯನ ಧೈರ್ಯವೂ ಇಲ್ಲ. ಅವರು ಪಾರಸಿಯನ್ನು ಹೊರಗೆ ಹಾಕಿ ಆ ಜಾಗಕ್ಕೆ ತರುವುದು ಕನ್ನಡವನ್ನಲ್ಲ, ಕೋಶದಿಂದ ಹೆಕ್ಕಿದ ಸಂಸ್ಕೃತವನ್ನು. 'ಬಾಕಿ' ಎಂದರೆ ಮಸ್ಕಿಯ ಸಂತೆಯಲ್ಲಿ ಕೂತ ಮುದುಕಿಗೂ ಗೊತ್ತು. ಆಕೆಯ ಮುಂದೆ 'ಅವಶಿಷ್ಟ ಮೊಬಲಗು' ಎಂದು ಓದಿ ನೋಡಿ. 'ಮೊಬಲಗು' ಎಂಬಲ್ಲಿ ಆಕೆಗೆ ಉಸಿರು ಬರುತ್ತದೆ, ಅದು ಅರಬ್ಬಿ! ಹೀಗೆ ಒಬ್ಬ ದೊರೆಯ ಭಾಷೆಯಿಂದ ಬಿಡುಗಡೆ ಮಾಡುತ್ತೇವೆಂದು ಇನ್ನೊಬ್ಬ ದೊರೆಯ ಭಾಷೆಗೆ ಒಪ್ಪಿಸುವುದಾದರೆ ಆ ಮುದುಕಿಗೆ ಬಂದ ಭಾಗ್ಯವೇನು? ಕನ್ನಡದ ಪದ ಬದುಕಿರುವಲ್ಲಿ ಅದನ್ನು ಧಾರಾಳವಾಗಿ ಬಳಸಲಿ. 'ಜಪ್ತಿ'ಗೆ 'ಮುಟ್ಟುಗೋಲು' ಇದೆ, 'ಫೈಸಲಾ' ಎಂಬುದಕ್ಕೆ 'ತೀರ್ಪು' ಇದೆ. ಇವು ಜನರ ಬಾಯಲ್ಲಿವೆ. ಬಾಯಲ್ಲಿ ಇಲ್ಲದುದನ್ನು ಅಚ್ಚಿನಲ್ಲಿ ತಂದು ಕನ್ನಡವೆಂದು ಕರೆದರೆ ಅದು ಕನ್ನಡವಾಗದು.

ಇಷ್ಟು ಹೇಳಿದ ಮಾತ್ರಕ್ಕೆ ಎರಡನೆಯ ಪಕ್ಷದವರು ನಾನು ತಮ್ಮವನೆಂದು ಹಿಗ್ಗಬಾರದು. ಪದಗಳು ನಮ್ಮವಾದುವು ನಿಜ. ಆಳಿಕೆಯು ನಮ್ಮದಾಗಿತ್ತೆಂದು ಅದರಿಂದ ಸಿದ್ಧವಾಗುವುದಿಲ್ಲ. ನಿಜಾಮರ ರಾಜ್ಯದಲ್ಲಿ ಮೊದಲು ಪಾರಸಿ, ೧೮೮೦ರ ದಶಕದಿಂದ ಉರ್ದು, ಆಡಳಿತದ ಭಾಷೆಯಾಗಿತ್ತು. ಪ್ರಜೆಗಳಲ್ಲಿ ಬಹುಪಾಲು ತೆಲುಗರು, ಮರಾಠಿಗರು, ಕನ್ನಡಿಗರು. ೧೯೧೮ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಸ್ಥಾಪಿತವಾದಾಗ ಇಂಗ್ಲಿಷನ್ನು ಬಿಟ್ಟು ದೇಶಭಾಷೆಯಲ್ಲಿ ಉಚ್ಚ ಶಿಕ್ಷಣ ಕೊಟ್ಟಿತೆಂದು ಹೊಗಳುವುದುಂಟು. ಹೊಗಳಿಕೆ ಸಲ್ಲತಕ್ಕದ್ದೇ. ಆದರೆ ಆ ದೇಶಭಾಷೆ ಸಿಂಧನೂರಿನ ಹುಡುಗನ ಭಾಷೆಯಾಗಿರಲಿಲ್ಲ. ೧೯೩೪ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನೆರೆದಾಗ, ಅಲ್ಲಿ ಕನ್ನಡವು ದೊರೆಯ ಭಾಷೆಯಾಗಿರಲಿಲ್ಲ, ಅತಿಥಿಯಾಗಿತ್ತು. ತನ್ನ ಮನೆಯಲ್ಲಿ ತಾನೇ ಅತಿಥಿ.

ನಮ್ಮ ಮನೆಯ ತಗಡಿನ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಒಂದು ಹೊಲದ ಕಾಗದವಿದೆ. ಮೇಲಿನಿಂದ ಕೆಳಗಿನ ವರೆಗೆ ಉರ್ದು. ಕೆಳಗೆ ಅಜ್ಜನ ಹೆಬ್ಬೆಟ್ಟು. ಕನ್ನಡವನ್ನು ಕೂಡಿಸಿಕೊಂಡು ಓದಬಲ್ಲ ಮನುಷ್ಯ, ತನ್ನ ಹೊಲದ ವಿಷಯದಲ್ಲಿ ನಿರಕ್ಷರಕುಕ್ಷಿಯಾಗಿ ಹೆಬ್ಬೆಟ್ಟು ಒತ್ತಬೇಕಾಯಿತು. ನಾನು ಕನ್ನಡದಲ್ಲಿ ಎಂ.ಎ. ಮಾಡಿದವನು, ನನಗೂ ಅದು ಗೋಡೆಯೇ. ನಮ್ಮ ಓಣಿಯಲ್ಲಿರುವ ಉರ್ದು ಶಾಲೆಯ ನಿವೃತ್ತ ಮಾಸ್ತರರೊಬ್ಬರ ಬಳಿ ಒಯ್ದೆ. ಅವರು ಕನ್ನಡಕವನ್ನು ಏರಿಸಿ ಇಳಿಸಿ ಓದಿ, "ಸರ್, ಇದು ನಾವು ಮನೆಯೊಳಗ ಆಡೋ ಮಾತಲ್ರೀ. ಕಚೇರಿ ಉರ್ದು. ನಮ್ಮಪ್ಪಗೂ ಇದು ತಿಳೀತಿರಲಿಲ್ಲ" ಎಂದರು. ಶುದ್ಧಿವಾದಿಗಳೂ ಹಳೆಯ ವೈಭವದ ಹೊಗಳುಭಟರೂ ಈ ಮಾತನ್ನು ಗಟ್ಟಿಯಾಗಿ ನೆನಪಿನಲ್ಲಿಡಬೇಕು. ನಮ್ಮ ಸೀಮೆಯ ಮುಸಲ್ಮಾನ ಒಕ್ಕಲಿಗ ಮನೆಯಲ್ಲಿ ಆಡುವುದು ದಖನಿ, ಹೊಲದಲ್ಲಿ ಆಡುವುದು ಕನ್ನಡ. ಕಚೇರಿಯ ಪಾರಸಿಮಯ ಭಾಷೆ ಅವನ ಸೊತ್ತೂ ಅಲ್ಲ, ಅವನ ಅಪರಾಧವೂ ಅಲ್ಲ. ಅದು ಕಚೇರಿಯ ಸೊತ್ತು.

ಗೆದ್ದವರೆಲ್ಲ ಒಂದೇ ತರಹ ಇದ್ದರೆಂದೂ ಹೇಳಲಾಗದು. ಇಂಗ್ಲೆಂಡನ್ನು ಗೆದ್ದ ನಾರ್ಮನರ ಕುಲದವರೇ ಸಿಸಿಲಿ ದ್ವೀಪವನ್ನೂ ಗೆದ್ದರು. ಅಲ್ಲಿ ೧೧೩೦ರಲ್ಲಿ ಕಿರೀಟ ಧರಿಸಿದ ಎರಡನೆಯ ರೋಜರನ ಕಚೇರಿಗಳು ಲ್ಯಾಟಿನ್ನಿನ ಜೊತೆಗೆ ಗ್ರೀಕಿನಲ್ಲಿಯೂ ಅರಬ್ಬಿಯಲ್ಲಿಯೂ ಬರೆಯುತ್ತಿದ್ದುವು. ನಮ್ಮ ಬಿಜಾಪುರದಲ್ಲಿ ೧೫೩೪ರಲ್ಲಿ ಪಟ್ಟಕ್ಕೆ ಬಂದ ಮೊದಲನೆಯ ಇಬ್ರಾಹಿಂ ಆದಿಲ್‌ಶಾಹನು ಸರಕಾರದ ಲೆಕ್ಕಪತ್ರಗಳನ್ನು ಪಾರಸಿಯಿಂದ ದೇಶೀಯ ಭಾಷೆಗೆ ಬದಲಾಯಿಸಿ ಬ್ರಾಹ್ಮಣ ಕರಣಿಕರ ಕೈಗೆ ಕೊಟ್ಟನೆಂದು ಅದೇ ಆಸ್ಥಾನದ ಚರಿತ್ರಕಾರ ಫಿರಿಶ್ತಾ ಬರೆದಿದ್ದಾನೆ. ಅವನ ಉದ್ದೇಶ ಧರ್ಮಾರ್ಥವಾಗಿರಲಿಕ್ಕಿಲ್ಲ. ಲೆಕ್ಕ ಸರಿಯಾಗಿ ಬರಲೆಂಬ ದೊರೆಯ ಜಾಣತನವೇ ಇರಬಹುದು. ಆದರೂ ಕೇಳುತ್ತೇನೆ: ಹದಿನಾರನೆಯ ಶತಮಾನದ ಸುಲ್ತಾನನಿಗೆ ಹೊಳೆದದ್ದು ನಮಗೆ ಏಕೆ ಪೂರ್ತಿಯಾಗಿ ಹೊಳೆದಿಲ್ಲ?

೧೯೬೩ರಲ್ಲಿಯೇ ಕನ್ನಡವನ್ನು ಆಡಳಿತ ಭಾಷೆಯೆಂದು ಕಾಯಿದೆ ಮಾಡಿದ್ದೇವೆ. ೨೦೦೦ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿದುವು. ಪಹಣಿಯು ಕನ್ನಡದಲ್ಲಿ ದೊರೆಯುತ್ತದೆ, ಒಳ್ಳೆಯದೇ. ಆದರೆ ಆ ಹೊಲದ ವ್ಯಾಜ್ಯ ಬೆಳೆದು ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋಗಲಿ. ೨೦೦೮ರಲ್ಲಿ ಪೀಠ ನಮ್ಮ ಬಾಗಿಲಿಗೆ ಬಂತೆಂದು ಸಂತೋಷಪಟ್ಟೆವು. ಭಾಷೆ ಮಾತ್ರ ಬೆಂಗಳೂರಿನದೂ ಅಲ್ಲ, ಲಂಡನ್ನಿನದು. ಸಂವಿಧಾನದ ೩೪೮ನೆಯ ಅನುಚ್ಛೇದ ಉಚ್ಚ ನ್ಯಾಯಾಲಯಗಳಿಗೆ ಇಂಗ್ಲಿಷನ್ನು ವಿಧಿಸುತ್ತದೆ. ರಾಷ್ಟ್ರಪತಿಗಳ ಸಮ್ಮತಿಯಿಂದ ರಾಜ್ಯದ ಭಾಷೆಯನ್ನು ಕಲಾಪಗಳಲ್ಲಿ ಬಳಸಲು ಅದರಲ್ಲೇ ದಾರಿಯನ್ನೂ ಬಿಟ್ಟಿದೆ. ಆ ದಾರಿಯಲ್ಲಿ ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳಲ್ಲಿ ಹಿಂದಿಗೆ ಪ್ರವೇಶ ಸಿಕ್ಕಿದೆ, ಕನ್ನಡಕ್ಕೆ ಸಿಕ್ಕಿಲ್ಲ. ತನ್ನ ಹೊಲ ಉಳಿಯಿತೋ ಹೋಯಿತೋ ಎಂಬುದನ್ನು ನಮ್ಮ ರೈತ ನ್ಯಾಯಾಧೀಶರ ಬಾಯಿಂದ ಕೇಳಿ ತಿಳಿಯಲಾರ, ವಕೀಲರ ಮುಖ ನೋಡಿ ತಿಳಿಯಬೇಕು. ಇಂಗ್ಲೆಂಡಿನಲ್ಲಿ ೧೩೬೨ರಲ್ಲಿ, ಜನರಿಗೆ ಫ್ರೆಂಚ್ ತಿಳಿಯದೆಂಬ ಕಾರಣದಿಂದ, ನ್ಯಾಯಾಲಯಗಳಲ್ಲಿ ಇಂಗ್ಲಿಷಿನಲ್ಲಿಯೇ ವಾದಿಸಬೇಕೆಂದು ಕಾನೂನು ಮಾಡಿದರು. ಆ ಕಾನೂನನ್ನು ಬರೆದದ್ದೇ ಫ್ರೆಂಚಿನಲ್ಲಿ! ಲ್ಯಾಟಿನ್ನೂ ಮುರುಕು ಫ್ರೆಂಚೂ ಕೋರ್ಟಿನ ಕಾಗದಗಳಿಂದ ಕಡೆಗೆ ತೊಲಗಿದ್ದು ೧೭೩೩ರಲ್ಲಿ. ನಾರ್ಮನ್ ದೊರೆಗಳು ಸತ್ತು ಮಣ್ಣಾಗಿ ಶತಮಾನಗಳೇ ಕಳೆದಿದ್ದರೂ ಅವರ ಕಚೇರಿ ಬದುಕಿತ್ತು. ದೊರೆಯನ್ನು ಓಡಿಸುವುದು ಸುಲಭ, ಗುಮಾಸ್ತನ ಲೇಖನಿಯನ್ನು ತಿರುಗಿಸುವುದು ಕಷ್ಟ.

ಇನ್ನೊಂದು ಕಹಿಮಾತನ್ನೂ ಆಡಿಬಿಡಬೇಕು. ಇಂದು ಈ ಸೀಮೆಯಲ್ಲಿ ಆಳುವ ಭಾಷೆ ಕನ್ನಡವೇ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದಮೇಲೆ ಸಿಂಧನೂರಿನ ಸುತ್ತ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳಾದುವು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಕ್ಯಾಂಪುಗಳಾದುವು. ಲಂಬಾಣಿ ತಾಂಡಾಗಳು ಮೊದಲಿನಿಂದಲೂ ಇವೆ. ಆ ಮನೆಗಳ ಹುಡುಗರು ನನ್ನ ತರಗತಿಯಲ್ಲಿ ಕೂರುತ್ತಾರೆ. ಕನ್ನಡದ ಗ್ರಾಂಥಿಕ ಆಜ್ಞೆಯೊಂದನ್ನು ಹಿಡಿದು ಆ ಹುಡುಗರ ತಂದೆತಾಯಿಗಳು ಕಚೇರಿಯ ಮುಂದೆ ನಿಂತಾಗ, ನನ್ನ ಅಜ್ಜ ನಿಂತಿದ್ದ ಜಾಗದಲ್ಲಿಯೇ ಅವರು ನಿಂತಿರುತ್ತಾರೆ. ಅವರೆದುರು ನಾವು ಯಾರು? ನಾರ್ಮನರೋ, ನೆರೆಯವರೋ? ಕನ್ನಡವನ್ನು ಅವರು ಕಲಿಯಬೇಕು, ಕಲಿಯುತ್ತಿದ್ದಾರೆ ಕೂಡ. ಕಲಿತವರಿಗೆ ತಿಳಿಯುವ ಕನ್ನಡದಲ್ಲಿ ಬರೆಯುವುದು ನಮ್ಮ ಪಾಲಿನ ಕರ್ತವ್ಯ.

ಆದುದರಿಂದ ನನ್ನ ಬೇಡಿಕೆಗಳು ಸಣ್ಣವು. ಜನರ ಬಾಯಲ್ಲಿ ನೆಲೆಸಿದ ಪದ ಯಾವ ದಿಕ್ಕಿನಿಂದ ಬಂದುದಾದರೂ ಇರಲಿ. ಅದರ ಜಾತಕ ನೋಡುವುದನ್ನು ಬಿಡೋಣ. ಸರಕಾರದ ನೋಟೀಸು ಅಚ್ಚಾಗುವ ಮೊದಲು ಸಂತೆಗೆ ಬಂದ ನಾಲ್ವರಿಗೆ ಅದನ್ನು ಓದಿ ಹೇಳಲಿ, ತಿಳಿಯದಿದ್ದರೆ ತಿರುಗಿ ಬರೆಯಲಿ. ಹೊಲಮನೆಯ ವ್ಯಾಜ್ಯಗಳಲ್ಲಾದರೂ ಹೈಕೋರ್ಟಿನ ಬಾಗಿಲು ಕನ್ನಡಕ್ಕೆ ತೆರೆಯುವಂತೆ ನಮ್ಮ ಶಾಸಕರು ಹಟ ಹಿಡಿಯಲಿ. ಕಡೆಯದು ನನ್ನ ವೃತ್ತಿಯವರಿಗೆ. ನಮ್ಮ ಭಾಗದ ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ ಹಳಗನ್ನಡದ ಜೊತೆಗೆ ಉರ್ದು ಲಿಪಿಯನ್ನೂ ಮೋಡಿ ಲಿಪಿಯನ್ನೂ ಕಲಿಸೋಣ. ಒಂದು ವರ್ಷದ ಶ್ರಮ ಸಾಕು. ಹಳ್ಳಿಹಳ್ಳಿಯ ಪೆಟ್ಟಿಗೆಗಳಲ್ಲಿ ಬಾಯಿ ಮುಚ್ಚಿಕೊಂಡಿರುವ ಕಾಗದಗಳನ್ನು ಅವರು ಓದಿ, ಆಯಾ ಮನೆಯವರಿಗೆ ಅವರ ಮಾತಿನಲ್ಲಿಯೇ ತಿಳಿಸಿ ಹೇಳಲಿ. ಪದಗಳನ್ನು ಅಟ್ಟಿಸಿಕೊಂಡು ಓಡಾಡುವುದಕ್ಕಿಂತ ಅದು ಕನ್ನಡದ ಹೆಚ್ಚಿನ ಸೇವೆಯಾದೀತು.